ಇವರ ಊರು ಯಾವುದು?

ಅಕ್ಕಮಹಾದೇವಿಯ ಅಂಕಿತವೊಂದನ್ನೇ ನೆಚ್ಚಿ ಆಕೆಯ ಊರನ್ನು ಅರಸಹೊರಟವನು ಶ್ರೀಶೈಲಕ್ಕೆ ಹೋಗಿ ನಿಲ್ಲುತ್ತಾನೆ; ಮಲ್ಲಿಕಾರ್ಜುನನ ನೆಲೆ ಅದು. ಆಕೆಯ ಹುಟ್ಟೂರೆಂದು ಪರಂಪರೆ ಹೇಳುವ ಉಡುತಡಿಯಾದರೋ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಬರೆಹವನ್ನು ನೋಡಿ ಬರೆದವರ ನೆಲೆಯನ್ನು ಊಹಿಸುವ ಈ ಹಳೆಯ ತೊಡಕು ಈಗ ಸಾಮಾಜಿಕ ಜಾಲತಾಣಗಳ ಸಂಶೋಧಕರಿಗೆ ಬಂದೊದಗಿದೆ.

ಬಳಕೆದಾರರನ್ನೇ ಕೇಳಿದರಾಯಿತಲ್ಲ? ಟ್ವಿಟರ್ ಕೇಳಿತ್ತು. ನೂರಕ್ಕೆ 34 ಮಂದಿ ನಿಜವಾದ ಸ್ಥಳವನ್ನು ತಿಳಿಸಿರಲಿಲ್ಲವೆಂದು 2011ರ ಅಧ್ಯಯನವೊಂದು ಕಂಡುಕೊಂಡಿತು. ಗಾಯಕ ಜಸ್ಟಿನ್ ಬೀಬರನ ಹೃದಯವೇ ತಮ್ಮ ವಾಸಸ್ಥಾನವೆಂದು ಬರೆದವರೂ ಇದ್ದರು!

ಭಾಷೆಯಿಂದ ತಿಳಿಯೋಣವೆಂದರೆ, ಕನ್ನಡದಲ್ಲಿ ಬರೆದವರು ಸೊರಬದಲ್ಲಿಯೂ ಇರಬಹುದು, ಕ್ಯಾಲಿಫೋರ್ನಿಯಾದಲ್ಲಿಯೂ ಇರಬಹುದು. ಇಲ್ಲಿ ಗಡಿಯಾರ ನೆರವಿಗೆ ಬರುತ್ತದೆ. ಚಳಿಗಾಲದಲ್ಲಿ ಸೊರಬದ ಬೆಳಗಿನ ಒಂಬತ್ತೂವರೆಗೆ ಅಲ್ಲಿ ಹಿಂದಿನ ದಿನದ ರಾತ್ರಿ ಎಂಟು ಗಂಟೆ. ದಿನವೂ ಸೊರಬದ ನಡುರಾತ್ರಿಯಿಂದ ಬೆಳಗಿನವರೆಗೆ ಬರೆಯುವವನು ಪರದೇಶವಾಸಿ; ಅಲ್ಲವಾದರೆ ಪಾಪ, ನಿದ್ದೆಗೆಟ್ಟವನು.

ಅಂತರ್ಜಾಲ ಸಂಪರ್ಕದ ಐಪಿ ಸಂಖ್ಯೆ ದೇಶವನ್ನು ಬಹುಮಟ್ಟಿಗೆ ಸರಿಯಾಗಿಯೇ ಹೇಳುತ್ತದೆ. ಊರಿನ ಮಾತು ಬಂದಾಗ ಎಡವುತ್ತದೆ. ಸೊರಬದ ಮೊಬೈಲು ಬೆಂಗಳೂರಿನದೆಂದು ತೋರಬಹುದು. ವಿಪಿಎನ್ ಬಳಸುವವನಂತೂ ಲೆಕ್ಕದಲ್ಲಿ ಸಿಂಗಪುರದವನಾಗಿ ಶಿರಾಳಕೊಪ್ಪದಲ್ಲಿ ಕಾಫಿ ಕುಡಿಯುತ್ತಿರುತ್ತಾನೆ.

ಎಲ್ಲಕ್ಕಿಂತ ಸ್ವಾರಸ್ಯವಾದ ಸುಳಿವು ಗೆಳೆಯರದು. ದೂರ ಹೆಚ್ಚಿದಂತೆ ಗೆಳೆತನದ ಸಂಭವ ತಗ್ಗುತ್ತದೆ. ಈ ಲೋಕಾನುಭವವನ್ನೇ ಫೇಸ್‌ಬುಕ್ಕಿನ ಸಂಶೋಧಕರು 2010ರಲ್ಲಿ ಅಮೆರಿಕದಲ್ಲಿ ಸೂತ್ರವಾಗಿಸಿದರು. ವಿಳಾಸ ತಿಳಿದಿರುವ 16 ಅಥವಾ ಹೆಚ್ಚು ಗೆಳೆಯರಿದ್ದವರಲ್ಲಿ ನೂರಕ್ಕೆ 69 ಮಂದಿಯ ನೆಲೆಯನ್ನು 25 ಮೈಲಿಯೊಳಗೆ ಗುರುತಿಸಲಾಯಿತು. ಐಪಿಯಿಂದ ಸಿಕ್ಕವರು 57 ಮಂದಿ.

ಮೆಚ್ಚತಕ್ಕ ಸಾಧನೆಯೇ ಸರಿ. ಆದರೆ ಶಿಕಾರಿಪುರವನ್ನು ನಡುವಿಟ್ಟು 25 ಮೈಲಿಯ ವೃತ್ತವೆಳೆದರೆ ಸೊರಬ ಪಟ್ಟಣವೂ ಅದರೊಳಗೆ ಬೀಳುತ್ತದೆ. ಇವೆರಡೂ ಬೇರೆ ಬೇರೆ ವಿಧಾನಸಭಾ ಕ್ಷೇತ್ರಗಳು. ಚುನಾವಣೆಯ ಕಾಲದಲ್ಲಿ ಜಾಲತಾಣದ ಗದ್ದಲವನ್ನು ಎಣಿಸಿ “ಶಿಕಾರಿಪುರದ ಜನಾಭಿಪ್ರಾಯ ಹೀಗಿದೆ” ಎನ್ನುವವರು ಯಾರ ದನಿಯನ್ನು ಎಣಿಸಿದಂತಾಯಿತು? 2025ರ ನವೆಂಬರಿನಲ್ಲಿ ‘ಎಕ್ಸ್’ ತಾಣವು ಖಾತೆಗಳ ದೇಶವನ್ನು ತೋರಿಸತೊಡಗಿತು. ಅದರಿಂದ ಹೊರದೇಶದವರು ಬಯಲಾದಾರು. ನೆರೆಯ ತಾಲ್ಲೂಕಿನವರು ಬಯಲಾಗುವುದಿಲ್ಲ.

ವಲಸೆ ಹೋದವರ ಮಾತು ಇನ್ನೂ ತೊಡಕಿನದು. ಸೊರಬವನ್ನು ಬಿಟ್ಟು ಬೆಂಗಳೂರಿನಲ್ಲಿ ಸಂಸಾರ ಹೂಡಿದವನಿಗೆ ಶಾಲೆಯ ಗೆಳೆಯರು, ನಂಟರು, ಇಷ್ಟರೆಲ್ಲ ಇನ್ನೂ ಸೊರಬದಲ್ಲಿಯೇ ಇದ್ದಾರೆ. ಅವನ ಮತ, ಬಾಡಿಗೆಯ ಮನೆ, ಮಕ್ಕಳ ಶಾಲೆ ಬೆಂಗಳೂರಿನಲ್ಲಿ. ಗೆಳೆಯರನ್ನು ಎಣಿಸುವ ಯಂತ್ರ ಮಾತ್ರ ಅವನನ್ನು ಪ್ರತಿದಿನವೂ ಸೊರಬಕ್ಕೆ ಮರಳಿ ಕಳುಹಿಸುತ್ತಿರುತ್ತದೆ.