ಮಗು ಆಡುತ್ತಿಲ್ಲ ಎಂದವಳಿಗೆ ಟೋಕನ್ ಬೇಡ

‘ಸಿಸ್ಟರ್, ನಿನ್ನೆ ಸಂಜೆಯಿಂದ ಮಗು ಸರಿಯಾಗಿ ಆಡ್ತಾ ಇಲ್ಲ’ ಎನ್ನುತ್ತಾ ತುಂಬು ಗರ್ಭಿಣಿಯೊಬ್ಬಳು ಬಂದರೆ ಅವಳನ್ನು ಒಪಿಡಿ ಸಾಲಿನಲ್ಲಿ ನಿಲ್ಲಿಸಬಾರದು. ಎದೆನೋವು ಎಂದು ಬಂದವರಿಗೆ ‘ಮೊದಲು ಚೀಟಿ ಮಾಡಿಸಿ’ ಎನ್ನುತ್ತೇವೆಯೇ? ಮಲಗಿಸಿ ಇಸಿಜಿ ಮಾಡುತ್ತೇವೆ. ಹೊಟ್ಟೆಯೊಳಗಿನ ಜೀವಕ್ಕೂ ಅಷ್ಟೇ ತುರ್ತು ಸಲ್ಲಬೇಕು. ಹೆರಿಗೆ ವಾರ್ಡಿನಲ್ಲೇ ನೌಕರಿ ಸವೆಸಿದ ನರ್ಸ್ ನಾನು. ಆಸ್ಪತ್ರೆಗಳನ್ನೂ ಮನೆಗಳನ್ನೂ ಕೇಳಿಕೊಳ್ಳುವುದು ಇದೊಂದನ್ನೇ.

ಹೀಗೆ ಬರುವವಳು ಆಗಲೇ ಸಾಕಷ್ಟು ಹೊತ್ತು ಕಳೆದುಕೊಂಡಿರುತ್ತಾಳೆ. ತವರಿಗೆ ಬಂದ ಬಸುರಿಗೆ ಬುದ್ಧಿ ಹೇಳುವವರು ಮನೆ ತುಂಬ. ‘ದಿನ ತುಂಬಿತಲ್ಲ, ಒಳಗೆ ಜಾಗ ಇಲ್ಲ, ಅದಕ್ಕೇ ಸುಮ್ಮನಿದೆ’ ಎಂದು ದೊಡ್ಡಮ್ಮ ಹೇಳುತ್ತಾರೆ. ಜ್ಯೂಸ್ ಕುಡಿಸುತ್ತಾರೆ, ಬೆಳಿಗ್ಗೆ ನೋಡೋಣ ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುವ ಮಾತು, ಆದರೆ ತಪ್ಪು. ಕೊನೆಯ ವಾರಗಳಲ್ಲಿ ಒದೆಯುವ ಬದಲು ಹೊರಳಿದಂತೆ, ಒತ್ತಿದಂತೆ ಅನ್ನಿಸಬಹುದು. ಆಟ ಮಾತ್ರ ಕಡಿಮೆಯಾಗಬಾರದು. ಮಾಸದಿಂದ ಬರುವ ಆಮ್ಲಜನಕ ಸಾಲದಾದಾಗ ಮಗು ಇರುವ ಶಕ್ತಿಯನ್ನು ಉಳಿಸಿಕೊಳ್ಳಲು ಕೈಕಾಲು ಆಡಿಸುವುದನ್ನು ಕಡಿಮೆ ಮಾಡುತ್ತದೆ. ಎದೆಬಡಿತ ಆಗಿನ್ನೂ ಚೆನ್ನಾಗಿರಬಹುದು. ಏನಾದರೂ ಮಾಡಲು ನಮಗೆ ಸಿಗುವ ಹೊತ್ತು ಅದೇ.

ಬಂದ ಕೂಡಲೇ ಮಾಡುವ ಕೆಲಸಕ್ಕೆ ದೊಡ್ಡ ಯಂತ್ರವೂ ಬೇಕಿಲ್ಲ. ಅಂಗೈಯಿಂದ ಹೊಟ್ಟೆ ಮುಟ್ಟಿ ಮಗುವಿನ ಬೆನ್ನು ಯಾವ ಕಡೆಗಿದೆ ಎಂದು ನೋಡುತ್ತೇವೆ. ಅಲ್ಲಿ ಫೀಟೋಸ್ಕೋಪ್ ಇಟ್ಟು, ಕಿವಿಯಿಂದಲೇ ಒತ್ತಿ ಹಿಡಿದು, ಒಂದು ನಿಮಿಷ ಪೂರ್ತಿ ಎಣಿಸುತ್ತೇವೆ. ಇನ್ನೊಂದು ಕೈ ತಾಯಿಯ ನಾಡಿಯ ಮೇಲಿರಬೇಕು, ಇಲ್ಲದಿದ್ದರೆ ಅವಳ ಬಡಿತವನ್ನೇ ಮಗುವಿನದೆಂದು ಬರೆದುಬಿಡುವ ಅಪಾಯವಿದೆ. ಫ್ರಾನ್ಸಿನ ವೈದ್ಯ ಅಡಾಲ್ಫ್ ಪಿನಾರ್ 1895ರಲ್ಲಿ ರೂಪಿಸಿದ ಆ ಪುಟ್ಟ ಕೊಳವೆ ಕರೆಂಟ್ ಹೋದ ರಾತ್ರಿಯೂ ಕೆಲಸ ಮಾಡುತ್ತದೆ. ನಿಮಿಷಕ್ಕೆ 110ರಿಂದ 160 ಬಡಿತ ಇದ್ದರೆ ಸಮಾಧಾನ, ಆದರೆ ಅಷ್ಟಕ್ಕೇ ಮನೆಗೆ ಕಳಿಸುವಂತಿಲ್ಲ. ಬಿಪಿ ನೋಡಿ, ಸಿಟಿಜಿ ಬೆಲ್ಟ್ ಕಟ್ಟಿ, ಕನಿಷ್ಠ 20 ನಿಮಿಷ ಕಾಗದದ ಮೇಲೆ ಗೆರೆ ಓಡಲು ಬಿಡಬೇಕು. ಮಗು ಅಲುಗಿದಾಗ ಬಡಿತ ಏರಿ ಇಳಿಯುತ್ತಿದೆಯೇ ಎಂಬುದು ಅಲ್ಲಿ ಕಾಣುತ್ತದೆ. ಮಗು ನಿದ್ದೆಯಲ್ಲಿದ್ದರೆ ಇನ್ನಷ್ಟು ಹೊತ್ತು ಕಾಯಬೇಕು.

ಆನ್‌ಲೈನಿನಲ್ಲಿ ಸಿಗುವ ಪುಟ್ಟ ಡಾಪ್ಲರ್ ಬಗ್ಗೆ ನನಗೆ ಭಯವಿರುವುದು ಇದಕ್ಕೇ. ಮನೆಯಲ್ಲಿ ಅದನ್ನು ಹೊಟ್ಟೆಗೆ ಒತ್ತಿ, ಏನೋ ಬಡಿತ ಕೇಳಿತೆಂದು ಮಲಗುವವರಿದ್ದಾರೆ. ಕೇಳಿದ್ದು ತಾಯಿಯ ರಕ್ತನಾಳದ ಸದ್ದೋ ಮಾಸದ ಸದ್ದೋ ಆಗಿರಬಹುದು. ಮಗುವಿನದೇ ಆದರೂ, ಅದು ಇನ್ನೂ ಬದುಕಿದೆ ಎನ್ನುವುದಷ್ಟೇ ಗೊತ್ತಾಯಿತು. ಒಳಗೆ ಒದ್ದಾಡುತ್ತಿದೆಯೋ ಇಲ್ಲವೋ ಗೊತ್ತಾಗಲಿಲ್ಲ.

ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ನಡೆಯುತ್ತದೆ. 2016ರಿಂದ ಬಂದ ಒಳ್ಳೆಯ ಪದ್ಧತಿ. ಆದರೆ ಒಂದು 9ರಿಂದ ಇನ್ನೊಂದು 9ರ ನಡುವಿನ ದಿನಗಳಲ್ಲಿ ಮಗುವನ್ನು ನೋಡಿಕೊಳ್ಳುವವಳು ತಾಯಿಯೊಬ್ಬಳೇ. ಮೊನ್ನೆ ಮಾಡಿಸಿದ ಸ್ಕ್ಯಾನ್ ಇವತ್ತಿನ ಕಥೆ ಹೇಳುವುದಿಲ್ಲ. ಅನುಮಾನ ಬಂದರೆ ಎಡಮಗ್ಗುಲಿಗೆ ಮಲಗಿ, ಮೊಬೈಲ್ ಪಕ್ಕಕ್ಕಿಟ್ಟು ಗಮನಿಸಲಿ. ಎರಡು ಗಂಟೆಯಲ್ಲಿ 10 ಸಲವೂ ಆಡದಿದ್ದರೆ ಹೊರಟು ಬರಲಿ. ಲೆಕ್ಕ ಸರಿಯಿದ್ದೂ ‘ಇದು ದಿನದಂತಿಲ್ಲ’ ಎನಿಸಿದರೆ ಆಗಲೂ ಬರಲಿ. ರಾತ್ರಿ ಎರಡು ಗಂಟೆಯಾದರೂ ಸರಿಯೇ. 108ಕ್ಕೆ ಫೋನ್ ಮಾಡಲು ಹೆರಿಗೆ ನೋವೇ ಬರಬೇಕೆಂದಿಲ್ಲ.

ಹೀಗೆ ಬರುವ ಹೆಚ್ಚಿನವರ ಮಗು ಆರೋಗ್ಯವಾಗಿಯೇ ಇರುತ್ತದೆ. ತೊಂದರೆ ಶುರುವಾಗುವುದೂ ಅಲ್ಲೇ. ಮತ್ತೆ ಬಂದರೆ ‘ನಿನ್ನೆ ತಾನೇ ಬಂದಿದ್ದೆಯಲ್ಲಮ್ಮ, ಸುಮ್ಮನೆ ಗಾಬರಿ ಬೀಳ್ತೀಯ’ ಎಂದು ನಮ್ಮವರೇ ಗದರುತ್ತಾರೆ. ಗದರಿಸಿಕೊಂಡವಳು ಮುಂದಿನ ಸಲ ಬರುವುದಿಲ್ಲ. ಆಟ ಮತ್ತೆ ಮತ್ತೆ ಕಡಿಮೆಯಾಗುತ್ತಿದ್ದರೆ ಅಪಾಯ ಹೆಚ್ಚು. ಆದ್ದರಿಂದ ಎರಡನೇ ಸಲ ಬಂದವಳ ಮಗುವಿನ ಬೆಳವಣಿಗೆ, ನೀರಿನ ಪ್ರಮಾಣ ಎರಡನ್ನೂ ಸ್ಕ್ಯಾನಿನಲ್ಲಿ ನೋಡಬೇಕು, ಅನುಮಾನ ಉಳಿದರೆ ಅಡ್ಮಿಟ್ ಮಾಡಿಕೊಳ್ಳಬೇಕು. ಟೋಕನ್ ಕೊಡುವ ಕಿಟಕಿಯ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಸಾಲು ಬರೆಸಬೇಕು: ಮಗು ಆಡುವುದು ಕಡಿಮೆಯಾಗಿದ್ದರೆ ನೇರವಾಗಿ ಹೆರಿಗೆ ವಾರ್ಡಿಗೆ ಹೋಗಿ.