ಮಗು ಬಂದಿರೋದು ಮನೆಗೆ, ಟೂರಿಗಲ್ಲ

ಭಾಗ 1/8
(ಫೋಟೋ: ಬೆಳಗಿನ ಹೆಬ್ಬಾಳ ಕೆರೆ. ಫೋಟೋದಲ್ಲಿ ಮಗು ಇಲ್ಲ. ಬೇಕೂಂತಲೇ ಇಲ್ಲ. ಯಾಕೆ ಅಂತ 8ನೇ ಭಾಗದಲ್ಲಿದೆ.)

ಮೊದಲೇ ಹೇಳಿಬಿಡ್ತೀನಿ, ಈ ಸರಣಿ ಜಗಳ ಆಡೋಕೇ ಬರೀತಿರೋದು.

ನೀವು ಡಲ್ಲಾಸ್‌ನಲ್ಲೋ ಟೊರಾಂಟೋದಲ್ಲೋ ಇರೋ ಕನ್ನಡದವರು ಅಂತಿಟ್ಕೊಳ್ಳಿ. ವರ್ಷಗಟ್ಟಲೆ ಕಾದು ಕರ್ನಾಟಕದ ಒಂದು ದತ್ತು ಸಂಸ್ಥೆಯಿಂದ ಮಗು ಸಿಕ್ಕಿದೆ. ಮಗನಿಗೆ ಮೂರು ವರ್ಷ. ದತ್ತು ಆದೇಶ, ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ವೀಸಾ ಅಂತ ಒಂದರ ಹಿಂದೆ ಒಂದು ಕಾಗದ ಬರೋ ತನಕ ಕೆಲವು ವಾರ ಇಲ್ಲೇ ಇರಬೇಕು. ಏರ್‌ಪೋರ್ಟ್ ಹತ್ರ ಅಂತ ಯಲಹಂಕದಲ್ಲೋ ಹೆಬ್ಬಾಳದಲ್ಲೋ ಒಂದು ಸರ್ವಿಸ್ ಅಪಾರ್ಟ್‌ಮೆಂಟ್ ಹಿಡಿದಿದ್ದೀರಿ.

ಆಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. "ಟೈಮ್ ಇದೆಯಲ್ಲ, ಎಲ್ಲೆಲ್ಲಿ ಹೋಗ್ತೀರ?" ಮೈಸೂರು ಅರಮನೆ, ಹಂಪಿ, ತಿರುಪತಿಯಲ್ಲಿ ಮುಡಿ, ಆಗ್ರಾದಲ್ಲಿ ಒಂದು ಫೋಟೋ. "ಮತ್ತೆ ಯಾವಾಗ ಬರ್ತೀರೋ ಏನೋ, ಹುಟ್ಟಿದ ದೇಶ ತೋರಿಸಬೇಕಲ್ವಾ?"

ನನ್ನ ಉತ್ತರ: ಎಲ್ಲೂ ಹೋಗಬೇಡಿ. ಈ ವಾರಗಳು ನಿಮಗೆ ಸಿಕ್ಕ ರಜೆ ಅಲ್ಲ, ಅವನಿಗೆ ಸಿಕ್ಕ ಸಮಯ. ಯಾಕೆ ಅಂತ ಒಂದೊಂದಾಗಿ ಹೇಳ್ತೀನಿ. ಒಪ್ಪದಿದ್ರೆ ಕಾಮೆಂಟಲ್ಲಿ ಬನ್ನಿ, ಆದ್ರೆ ಪೂರ್ತಿ ಓದ್ಕೊಂಡು ಬನ್ನಿ.

ಭಾಗ 2/8
ಅವನ ದೇಶ ಎಷ್ಟು ದೊಡ್ಡದು ಗೊತ್ತಾ?

ಮೂರು ವರ್ಷದ ಮಗೂಗೆ ಭಾರತ ಅಂದ್ರೆ ಭೂಪಟ ಅಲ್ಲ. ಅವನ ದೇಶದಲ್ಲಿರೋದು ಒಂದು ಹಾಲ್, ಸಾಲಾಗಿ ಹಾಸಿದ ಹಾಸಿಗೆ, ಬೆಳಗ್ಗೆ ಎಂಟಕ್ಕೆ ಉಪ್ಪಿಟ್ಟು, ಪಕ್ಕದ ಮಂಚದ ಗೆಳೆಯ, ರಾತ್ರಿ ತಟ್ಟಿ ಮಲಗಿಸೋ ಆಯಾ. ಅಷ್ಟೇ. ನೀವು ಅವನನ್ನ ಎತ್ಕೊಂಡು ಗೇಟ್ ದಾಟಿದ ಕ್ಷಣದಲ್ಲೇ ಅವನು ಆ ದೇಶ ಬಿಟ್ಟಾಯ್ತು. ವಿಮಾನ ಹತ್ತೋದು ಎರಡನೇ ವಲಸೆ.

ಲೆಕ್ಕ ಹಾಕಿ ನೋಡಿ. ಹೆತ್ತ ತಾಯಿಯಿಂದ ಒಂದು ಸಲ ದೂರ ಆಗಿದ್ದಾನೆ. ಈಗ ಆಯಾಳಿಂದ, ಗೆಳೆಯರಿಂದ ಇನ್ನೊಂದು ಸಲ. ಕೆಲವೇ ವಾರದಲ್ಲಿ ಈ ಗಾಳಿ, ಈ ಭಾಷೆ, ಈ ಅನ್ನದ ವಾಸನೆಯಿಂದಲೂ ದೂರ ಆಗ್ತಾನೆ. ಇದರ ಮಧ್ಯೆ ನೀವು ಹತ್ತು ದಿನಕ್ಕೆ ಐದು ಹೋಟೆಲ್ ಬದಲಾಯಿಸಿದ್ರೆ ಅವನಿಗೆ ಅದು ಪ್ರವಾಸ ಅಲ್ಲ. ಪ್ರತಿ ಬೆಳಗ್ಗೆ "ಇವತ್ತು ನನ್ನನ್ನ ಎಲ್ಲಿ ಬಿಟ್ಟುಬಿಡ್ತಾರೆ?" ಅನ್ನೋ ಪ್ರಶ್ನೆ. ಬ್ಯಾಗ್ ಪ್ಯಾಕ್ ಮಾಡೋದನ್ನ ನೋಡಿದ್ರೇ ಅಳೋ ಮಕ್ಕಳಿದ್ದಾರೆ. ಅದು ಹಠ ಅಲ್ಲ ಸ್ವಾಮಿ, ಅನುಭವ.

ಭಾಗ 3/8
"ನಮ್ಮ ಮಗು ತುಂಬಾ ಫ್ರೆಂಡ್ಲಿ!"

ಈ ಮಾತು ಕೇಳಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ. "ಮೊದಲ ದಿನವೇ ನಮ್ಮ ಹತ್ರ ಓಡಿ ಬಂದ, ಡ್ರೈವರ್ ಹತ್ರಾನೂ ಹೋದ, ರಿಸೆಪ್ಷನ್ ಹುಡುಗೀನ ಅಪ್ಪಿಕೊಂಡ, ಅಳಲೇ ಇಲ್ಲ" ಅಂತ ಖುಷಿಯಿಂದ ಹೇಳ್ತೀರಿ.

ಪಾಳಿ ಮೇಲೆ ಬದಲಾಗೋ ಕೈಗಳಲ್ಲಿ ಬೆಳೆದ ಮಗು ಯಾರು ಸಿಕ್ಕರೂ ಅಂಟಿಕೊಳ್ಳೋದನ್ನ ಕಲಿತಿರಬಹುದು. ಅದು ಪ್ರೀತಿ ಆಗಿರಬೇಕಿಲ್ಲ, ಬದುಕೋ ಉಪಾಯ ಆಗಿರಬಹುದು. 1989ರಲ್ಲಿ ರೊಮೇನಿಯಾದ ಚೌಷೆಸ್ಕು ಸರ್ಕಾರ ಬಿದ್ದಮೇಲೆ ಅಲ್ಲಿನ ಅನಾಥಾಲಯಗಳಿಂದ ಇಂಗ್ಲೆಂಡಿಗೆ ಹೋದ ದತ್ತು ಮಕ್ಕಳನ್ನ ಮೈಕಲ್ ರಟ್ಟರ್ ಮತ್ತವರ ತಂಡ ವರ್ಷಾನುಗಟ್ಟಲೆ ಹಿಂಬಾಲಿಸಿ ನೋಡಿತು. ಆರು ತಿಂಗಳೊಳಗೆ ಮನೆ ಸೇರಿದವರು ಬಹುಮಟ್ಟಿಗೆ ಚೆನ್ನಾಗಿ ಬೆಳೆದರು. ಹೆಚ್ಚು ಕಾಲ ಸಂಸ್ಥೆಯಲ್ಲಿ ಕಳೆದವರಲ್ಲಿ ಅನೇಕರಿಗೆ ಈ "ಯಾರಾದ್ರೂ ಸರಿ" ಅನ್ನೋ ನಡವಳಿಕೆ ದೊಡ್ಡವರಾದ ಮೇಲೂ ಪೂರ್ತಿ ಹೋಗಲಿಲ್ಲ.

ನಮ್ಮ ಸಂಸ್ಥೆಗಳು ಆ ರೊಮೇನಿಯಾದ ನರಕ ಅಲ್ಲ, ನಿಜ. ಆದ್ರೆ ಒಬ್ಬ ಆಯಾಗೆ ಹಲವು ಮಕ್ಕಳು ಅನ್ನೋದು ಇಲ್ಲೂ ಇದೆ. ಅದಕ್ಕೇ ನಿಮ್ಮ ಮೊದಲ ಕೆಲಸ ಜಗತ್ತನ್ನ ತೋರಿಸೋದಲ್ಲ. "ಜಗತ್ತಲ್ಲಿ ಸಾವಿರ ಜನ ಇರಬಹುದು, ನಿನ್ನವರು ಈ ಇಬ್ಬರು" ಅಂತ ತೋರಿಸೋದು.

ಭಾಗ 4/8
ಹಾಗಾದ್ರೆ ದಿನವಿಡೀ ಏನು ಮಾಡೋದು?

ಬೋರಿಂಗ್ ಆಗಿರೋದು. ಅದೇ ಮದ್ದು.

▪️ ಊಟ ನೀವೇ ಮಾಡಿಸಿ. ಸ್ನಾನ ನೀವೇ ಮಾಡಿಸಿ. ಬಿದ್ದಾಗ ಎತ್ತೋದು, ಮಲಗಿಸೋದು ನೀವಿಬ್ಬರೇ. ಅಜ್ಜಿಯೂ ಅಲ್ಲ, ಕೆಲಸದವರೂ ಅಲ್ಲ. ಕೆಲವು ತಿಂಗಳಷ್ಟೇ.

▪️ ಸಂಸ್ಥೆಯಿಂದ ಅವನ ದಿನಚರಿ ಬರೆಸಿಕೊಳ್ಳಿ. ಯಾವಾಗ ಏಳ್ತಾನೆ, ಹೇಗೆ ತಟ್ಟಿದ್ರೆ ಮಲಗ್ತಾನೆ, ಅನ್ನ ಗಟ್ಟಿಯೋ ಮೆತ್ತಗೋ. ಮೊದಲ ವಾರಗಳಲ್ಲಿ ಅದನ್ನೇ ಮಾಡಿ. ಪಾಸ್ತಾ ಡಲ್ಲಾಸ್‌ನಲ್ಲಿ ಕಾಯ್ತಿರುತ್ತೆ.

▪️ ಅವನು ಹೊದೆಯೋ ಹಳೇ ಬಟ್ಟೆ, ಒಂದು ಆಟದ ಸಾಮಾನು ಕೇಳಿ ತಗೊಳ್ಳಿ. ಒಗೆಯಬೇಡಿ. ಆ ವಾಸನೆ ಅವನ ಆಸ್ತಿ.

▪️ ತಟ್ಟೆಯಲ್ಲಿ ಇನ್ನೂ ಇರುವಾಗಲೇ ಚಪಾತಿ ಜೇಬಿಗೆ ಹಾಕ್ಕೊಂಡ್ರೆ ಬೈಬೇಡಿ. ಕೈಗೆ ಸಿಗೋ ಕಡೆ ಒಂದು ಡಬ್ಬದಲ್ಲಿ ಬಿಸ್ಕೆಟ್ ಇಡಿ. ಯಾವಾಗ ಬೇಕಾದ್ರೂ ಸಿಗುತ್ತೆ ಅಂತ ಗೊತ್ತಾದ್ರೆ ಬಚ್ಚಿಡೋದು ನಿಧಾನವಾಗಿ ಕಮ್ಮಿ ಆಗುತ್ತೆ.

▪️ ದಿನಕ್ಕೊಂದೇ ಹೊರಗಿನ ಕೆಲಸ. ಜಕ್ಕೂರು ಕೆರೆ ಆದ್ರೆ ದಿನಾ ಜಕ್ಕೂರು ಕೆರೆಯೇ. ಅದೇ ದಾರಿ, ಅದೇ ಬೆಂಚು. ನಾಲ್ಕನೇ ದಿನ ಅವನೇ ನಿಮ್ಮ ಕೈ ಹಿಡಿದು ಆ ಬೆಂಚಿನ ಕಡೆ ಎಳೀತಾನೆ ನೋಡಿ, ಯಾವ ಅರಮನೆಯೂ ಅದಕ್ಕೆ ಸಮ ಅಲ್ಲ.

ಮತ್ತೊಂದು ಮಾತು. ಕಾರಲ್ಲಿ ಹೆಚ್ಚು ಕೂತೇ ಇಲ್ಲದ ಮಗೂಗೆ ಹೆಬ್ಬಾಳ ಫ್ಲೈಓವರ್ ಜಾಮ್‌ನಲ್ಲಿ ಒಂದು ಗಂಟೆ ಅಂದ್ರೆ ವಾಂತಿ, ಭಯ ಎರಡೂ. ಯಲಹಂಕದಲ್ಲಿದ್ರೆ ವಾಯುನೆಲೆಯ ವಿಮಾನದ ಸದ್ದೂ ಇದೆ. ಏರೋ ಇಂಡಿಯಾ ಇರೋ ಫೆಬ್ರವರಿ ಆದ್ರಂತೂ ಕೇಳಲೇಬೇಡಿ. ಸದ್ದು ಬಂದಾಗ ಎತ್ಕೊಳ್ಳಿ. "ಅದು ವಿಮಾನ, ಅಮ್ಮ ಇಲ್ಲೇ ಇದ್ದೀನಿ" ಅನ್ನಿ. ಇಪ್ಪತ್ತು ಸಲ ಬೇಕಾದ್ರೆ ಇಪ್ಪತ್ತು ಸಲ. ಅವನು ಮುಂದೆ ಅದರಲ್ಲೇ ಕೂರಬೇಕು.

ಭಾಗ 5/8
ಅವನ ನಾಲಿಗೆ ಮೇಲಿರೋದನ್ನ ಕಸಿಯಬೇಡಿ

"ಇಂಗ್ಲಿಷ್ ಈಗಲೇ ಶುರು ಮಾಡಿದ್ರೆ ಒಳ್ಳೇದು" ಅಂತಾರೆ. ಯಾರಿಗೆ ಒಳ್ಳೇದು?

ಅವನಿಗೆ ಗೊತ್ತಿರೋ ಪದ ನೂರೋ ಇನ್ನೂರೋ. ಅಷ್ಟರಲ್ಲೇ ಅವನು ನೋವು ಹೇಳಬೇಕು, ಭಯ ಹೇಳಬೇಕು, ಸುಸ್ಸು ಹೇಳಬೇಕು. ಕನ್ನಡ ಮನೆಮಾತಲ್ಲದವರು ದತ್ತು ತಗೊಂಡಿದ್ರೂ ಇಷ್ಟು ಕಲೀಲೇಬೇಕು: ನೀರು, ಅನ್ನ, ಬಾ, ಎತ್ಕೋ, ನೋವು, ಭಯ, ನಿದ್ದೆ, ಸಾಕು, ಬೇಡ. "ಬೇಡ" ಅಂದಾಗ ಕೇಳಿಸ್ಕೊಳ್ಳೋ ದೊಡ್ಡವರು ಇದ್ದಾರೆ ಅಂತ ಗೊತ್ತಾಗೋದೇ ಅವನಿಗೆ ಹೊಸ ವಿಷಯ ಇರಬಹುದು. ಅವನ ಮಾತು ಉರ್ದುವೋ ತೆಲುಗೋ ತಮಿಳೋ ಅಂತಲೂ ವಿಚಾರಿಸಿ. ಬೆಂಗಳೂರಿನ ಮಗು ಅಂದಾಕ್ಷಣ ಕನ್ನಡ ಅಂತ ತಿಳ್ಕೋಬೇಡಿ.

ಭಾಷೆ ಎಷ್ಟು ಬೇಗ ಹೋಗುತ್ತೆ ಗೊತ್ತಾ? 2003ರಲ್ಲಿ ಪ್ಯಾರಿಸ್‌ನ ಕ್ರಿಸ್ಟೋಫ್ ಪಾಲಿಯೇ ತಂಡ, ಚಿಕ್ಕಂದಿನಲ್ಲಿ ಕೊರಿಯಾದಿಂದ ಫ್ರಾನ್ಸಿಗೆ ದತ್ತು ಹೋಗಿ ದೊಡ್ಡವರಾದವರನ್ನ ಪರೀಕ್ಷಿಸಿತು. ಕೊರಿಯನ್ ವಾಕ್ಯ ಯಾವುದು, ಬೇರೆ ಪರಭಾಷೆ ಯಾವುದು ಅಂತ ಗುರುತಿಸೋಕೂ ಅವರಿಗೆ ಆಗಲಿಲ್ಲ. ಆದ್ರೆ 2014ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಚೀನಾದಿಂದ ದತ್ತು ಬಂದು ಫ್ರೆಂಚ್ ಮಾತ್ರ ಮಾತಾಡೋ ಹುಡುಗಿಯರಿಗೆ ಚೀನೀ ಸ್ವರಗಳನ್ನ ಕೇಳಿಸಿದಾಗ, ಅವರ ಮೆದುಳು ಚೀನೀ ಬಲ್ಲವರ ಮೆದುಳಿನ ಹಾಗೇ ಸ್ಪಂದಿಸಿತು. ಪದ ಮರೆತಿತ್ತು, ಸದ್ದು ಉಳಿದಿತ್ತು.

ಅದಕ್ಕೇ ಈ ವಾರಗಳಲ್ಲಿ ಆಯಾ ಮಾತು, ಅವಳ ಜೋಗುಳ ರೆಕಾರ್ಡ್ ಮಾಡ್ಕೊಳ್ಳಿ, ಅವಳು ಒಪ್ಪಿದ್ರೆ. ಅವನ ಹೆಸರನ್ನೂ ಬದಲಾಯಿಸಬೇಡಿ. ಅವನ ಜೊತೆ ಬಂದಿರೋ ಸಾಮಾನು ಒಂದೇ ಒಂದು ಅಂದ್ರೆ ಆ ಹೆಸರು.

ಭಾಗ 6/8
"ಹಾಗಾದ್ರೆ ಬೇರು?"

ಇದು ನ್ಯಾಯವಾದ ಪ್ರಶ್ನೆ. ಹುಟ್ಟಿದ ನೆಲ ತೋರಿಸಬೇಕು, ಖಂಡಿತ. ಯಾವಾಗ ಅನ್ನೋದೇ ನನ್ನ ಜಗಳ.

ಎಂಟೋ ಹತ್ತೋ ವರ್ಷಕ್ಕೆ ಅವನೇ "ನಾನು ಎಲ್ಲಿಂದ ಬಂದೆ?" ಅಂತ ಕೇಳ್ತಾನಲ್ಲ, ಆಗ ಟಿಕೆಟ್ ತೆಗೀರಿ. ಆಗ ಹಂಪಿ ಅರ್ಥ ಆಗುತ್ತೆ. ಸರೂ ಬ್ರಿಯರ್ಲಿ ಕಥೆ 'ಲಯನ್' ಸಿನಿಮಾದಲ್ಲಿ ನೋಡಿರ್ತೀರಿ. ಮಧ್ಯಪ್ರದೇಶದಲ್ಲಿ ರೈಲಲ್ಲಿ ಕಳೆದುಹೋಗಿ, 1987ರಲ್ಲಿ ಟಾಸ್ಮೇನಿಯಾಕ್ಕೆ ದತ್ತು ಹೋದ ಹುಡುಗ, 2012ರಲ್ಲಿ ಖಂಡ್ವಾಕ್ಕೆ ವಾಪಸ್ ಬಂದು ತಾಯಿಯನ್ನ ಕಂಡ. ಅವನಿಗೆ ದಾರಿ ತೋರಿಸಿದ್ದು ತಾಜ್‌ಮಹಲ್ ನೆನಪಲ್ಲ. ರೈಲ್ವೆ ಸ್ಟೇಷನ್ ಪಕ್ಕದ ನೀರಿನ ಟ್ಯಾಂಕು, ಊರ ದಾರಿಗಳಂಥ ಸಣ್ಣ ಸಣ್ಣ ನೆನಪು.

ನೀವು ಈಗ ಕೂಡಿಡಬೇಕಾದ್ದೂ ಇಂಥ ಸಣ್ಣ ವಿಷಯಗಳೇ. ಸಂಸ್ಥೆಯ ಗೇಟಿನ ಫೋಟೋ, ಅವನು ಮಲಗ್ತಿದ್ದ ಜಾಗ, ಮೊದಲ ವಾರದ ಊಟ, ಅವನ ಫೈಲಿನ ಪ್ರತಿಗಳು. ನಮ್ಮ ದತ್ತು ನಿಯಮಗಳಲ್ಲಿ ಬೇರು ಹುಡುಕೋದಕ್ಕೆ ಅವಕಾಶ ಇದೆ. 18 ತುಂಬಿದ ಮೇಲೆ ಅವನೇ ಅರ್ಜಿ ಹಾಕಬಹುದು, ಹೆತ್ತವರ ಗೋಪ್ಯತೆಯ ಹಕ್ಕನ್ನ ಕಾಯ್ದುಕೊಂಡೇ ಅದು ನಡೆಯುತ್ತೆ.

ಕಾನೂನಿಗೂ ಸಮಯದ ಬೆಲೆ ಗೊತ್ತು. ಹೊರದೇಶಕ್ಕೆ ದತ್ತು ಕೊಡೋ ಹೆಸರಲ್ಲಿ ಅಕ್ರಮ ನಡೀತಿದೆ ಅಂತ ಲಕ್ಷ್ಮೀಕಾಂತ ಪಾಂಡೆ ಅನ್ನೋ ವಕೀಲರು ಬರೆದ ಪತ್ರದ ಮೇಲೆ 1984ರಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿ ಕೊಟ್ಟಿತು. 2003ರಲ್ಲಿ ಭಾರತ ಹೇಗ್ ಒಪ್ಪಂದಕ್ಕೆ ಸೇರಿತು. ಇವತ್ತು ಮಗು ಹೋದಮೇಲೂ ಎರಡು ವರ್ಷ ಫಾಲೋ-ಅಪ್ ವರದಿ ಕೊಡಬೇಕು: ಮೊದಲ ವರ್ಷ ಮೂರು ತಿಂಗಳಿಗೊಂದು, ಎರಡನೇ ವರ್ಷ ಆರು ತಿಂಗಳಿಗೊಂದು. ಹೊಂದಿಕೊಳ್ಳೋಕೆ ಸರ್ಕಾರವೇ ಎರಡು ವರ್ಷ ಕಣ್ಣಿಟ್ಟು ಕಾಯುತ್ತೆ. ನಿಮಗೆ ಮಾತ್ರ ಎರಡೇ ವಾರದಲ್ಲಿ "ಸೆಟ್ ಆಗಿಬಿಟ್ಟ" ಅನ್ನಿಸಬೇಕಾ?

ಭಾಗ 7/8
ಈಗ ನಿಮ್ಮ ಸರದಿ: ಆರ್‌ಟಿ ನಗರದ ಅತ್ತೆ, ಯಶವಂತಪುರದ ದೊಡ್ಡಪ್ಪ, ಲಿಫ್ಟಲ್ಲಿ ಸಿಗೋ ಆಂಟಿ

ಮಗು ಬಂದ ಮೂರನೇ ದಿನಕ್ಕೆ ಇನ್ನೂರು ಜನ ಕರೆದು ಛತ್ರದಲ್ಲಿ ನಾಮಕರಣ ಇಡಬೇಡಿ. ಕೈಯಿಂದ ಕೈಗೆ ದಾಟಿಸಬೇಡಿ. ಚಾಕೊಲೇಟ್ ಕೊಟ್ಟು "ನನ್ನ ಹತ್ರ ಬಾ, ಅಮ್ಮನ ಹತ್ರ ಬೇಡ" ಅಂತ ತಮಾಷೆ ಮಾಡಬೇಡಿ. ಬೇರೆ ಮಕ್ಕಳಿಗೆ ಅದು ತಮಾಷೆ, ಇವನಿಗೆ ಅಲ್ಲ. ಪ್ರೀತಿ ಉಕ್ಕಿ ಬರ್ತಿದ್ರೆ ಅಡುಗೆ ಮಾಡಿ ಡಬ್ಬಿ ಬಾಗಿಲಲ್ಲಿ ಇಟ್ಟುಹೋಗಿ. ಅಪ್ಪ ಅಮ್ಮನಿಗೆ ಎರಡು ಗಂಟೆ ನಿದ್ದೆ ಸಿಗುತ್ತೆ.

"ಎಂಥಾ ಪುಣ್ಯದ ಕೆಲಸ ಮಾಡಿದ್ರಿ!" ಅನ್ನಬೇಡಿ. ಅವರು ಅನ್ನದಾನ ಮಾಡಿಲ್ಲ, ಮಗ ಬೇಕು ಅಂತ ಮಗನನ್ನ ತಂದಿದ್ದಾರೆ. "ಎಂಥಾ ಅದೃಷ್ಟದ ಮಗು!" ಅಂತಲೂ ಅನ್ನಬೇಡಿ. ಮೂರು ವರ್ಷಕ್ಕೆ ಎರಡು ಸಲ ಎಲ್ಲರನ್ನೂ ಕಳ್ಕೊಂಡವನಿಗೆ ಅದೃಷ್ಟದ ಲೆಕ್ಕ ಹೇಳೋಕೆ ನಾವ್ಯಾರು?

ಆ "ಸಾಕುಮಗ" ಅನ್ನೋ ಪದ. ಸಾಕುನಾಯಿ, ಸಾಕುಪ್ರಾಣಿ, ಸಾಕುಮಗ. ಕಿವಿಗೆ ಹೇಗೆ ಕೇಳಿಸುತ್ತೆ ನೀವೇ ಹೇಳಿ. ಕೃಷ್ಣನನ್ನ ಯಶೋದೆಯ ಕಂದ ಅಂತ ಮನೆಮನೆಯಲ್ಲಿ ಹಾಡೋ ಜನ ನಾವು, ಲಿಫ್ಟ್ ಬಾಗಿಲು ಮುಚ್ಚಿದ ಕೂಡಲೇ "ಸ್ವಂತ ಮಗೂನಾ?" ಅಂತ ಪಿಸುಗುಡ್ತೀವಿ. ಅವನಿಗೆ ಕನ್ನಡ ಬರುತ್ತೆ. ಕೇಳಿಸುತ್ತೆ.

ಭಾಗ 8/8
ಫೋಟೋ ಯಾಕಿಲ್ಲ, ಮತ್ತು ಕೊನೇ ಮಾತು

ಮಗು ಕೈಗೆ ಬಂದ ದಿನದ ರೀಲ್ ಚೆನ್ನಾಗಿ ಓಡುತ್ತೆ, ನನಗೂ ಗೊತ್ತು. ಆದ್ರೆ ಆ ಅಳು, ಆ ಗಾಬರಿ ಅವನದು. ಹದಿನೈದನೇ ವಯಸ್ಸಲ್ಲಿ ಕ್ಲಾಸ್‌ಮೇಟ್ ಅದನ್ನ ಹುಡುಕಿ ತೋರಿಸಬಹುದು. ರಕ್ಷಣೆ ಬೇಕಿರೋ ಮಕ್ಕಳ ಗುರುತು ಮಾಧ್ಯಮಗಳಲ್ಲಿ ಬಯಲಾಗಬಾರದು ಅಂತ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತೆ, ಮೀರಿದವರಿಗೆ ಜೈಲು ಅಥವಾ ದಂಡ. ಕಾನೂನು ಬಿಡಿ, ಮರ್ಯಾದೆ ಅಂತ ಒಂದಿದೆಯಲ್ಲ. ಫೋಟೋ ತೆಗೀರಿ, ಪ್ರಿಂಟ್ ಹಾಕಿಸಿ, ಅವನ ಆಲ್ಬಂನಲ್ಲಿಡಿ. ಅದರ ಯಜಮಾನ ಅವನು.

"ನಾವು ಹೊರದೇಶದವರಲ್ಲ, ಇದು ನಮಗಲ್ಲ" ಅಂತ ಸ್ಕ್ರೋಲ್ ಮಾಡಬೇಡಿ. 2024-25ರಲ್ಲಿ ದೇಶದಲ್ಲಿ ದಾಖಲಾದ 4,515 ದತ್ತುಗಳಲ್ಲಿ 4,155 ದೇಶದ ಒಳಗಿನವೇ. ಒಡಿಶಾದ ಮಗು ಯಲಹಂಕದ ಕನ್ನಡ ಮನೆಗೆ ಬರಬಹುದು. ಅವಳಿಗೆ ಬೆಂಗಳೂರೇ ಪರದೇಶ, ಕನ್ನಡವೇ ಪರಭಾಷೆ. ಹತ್ತು ಒಡಿಯಾ ಪದ ಕಲೀರಿ. ಅವಳು ಬಂದ ಊರಲ್ಲೇ ನಾಲ್ಕು ದಿನ ಹೆಚ್ಚಿಗೆ ಉಳ್ಕೊಂಡು, ಅವಳು ನಿಮ್ಮ ಹೆಗಲ ಮೇಲೆ ನಿದ್ದೆ ಹೋದಮೇಲೆ ರೈಲು ಹತ್ತಿ.

2017ರಲ್ಲಿ ಹೆರಿಗೆ ರಜೆ ಕಾನೂನು ತಿದ್ದಿದಾಗ ದತ್ತು ತಾಯಿಗೆ 12 ವಾರ ರಜೆ ಕೊಟ್ಟರು, ಆದ್ರೆ ಮಗು ಮೂರು ತಿಂಗಳಿಗಿಂತ ಚಿಕ್ಕದಿದ್ರೆ ಮಾತ್ರ. ಅದನ್ನ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು ಬೆಂಗಳೂರಿನ ಒಬ್ಬ ದತ್ತು ತಾಯಿ. ದೊಡ್ಡ ಮಗೂಗೆ ತಾಯಿ ಕಮ್ಮಿ ಸಾಕು ಅನ್ನೋ ಲೆಕ್ಕ ಯಾರು ಕಂಡುಹಿಡಿದ್ರೋ. ನಿಮ್ಮ ಆಫೀಸಲ್ಲಿ ಯಾರಾದ್ರೂ ದತ್ತು ರಜೆ ಕೇಳಿದ್ರೆ "ಮಗು ದೊಡ್ಡದಲ್ವಾ?" ಅನ್ನಬೇಡಿ. ದೊಡ್ಡದಾಗಿರೋದಕ್ಕೇ ಬೇಕು.

ಈ ತಿಂಗಳು ಮಗನ ಜೊತೆ ಇಲ್ಲಿ ಕಾಯ್ತಿರೋರು ಇದ್ರೆ: ಹಂಪಿ ಟಿಕೆಟ್ ಕ್ಯಾನ್ಸಲ್ ಮಾಡಿ. ಕೆರೆ ದಂಡೆಗೆ ಹೋಗಿ, ಬನ್ನಿ, ಅನ್ನ ಸಾರು ಕಲಸಿ ತಿನ್ನಿಸಿ, ಪಕ್ಕದಲ್ಲಿ ಮಲ್ಕೊಳ್ಳಿ. ನಾಳೆನೂ ಅದೇ.

ಕುಟುಂಬದ ವಾಟ್ಸಾಪ್ ಗ್ರೂಪಿಗೆ 7ನೇ ಭಾಗ ಕಳಿಸಿ. ಬೈಗುಳ ಬಂದ್ರೆ ನನ್ನ ಹೆಸರು ಹೇಳಿ.

#ದತ್ತು #ದತ್ತುಕುಟುಂಬ #ಮಗುಮೊದಲು #ಯಲಹಂಕ #ಹೆಬ್ಬಾಳ #ಆರ್‌ಟಿನಗರ #ಕನ್ನಡಪೋಷಕರು