ಉಳಿದ ಸಮಯ ಯಾರ ಪಾಲಾಯಿತು?

“ಈಗಿನವರಿಗೇನು ಬಿಡಿ, ಎಲ್ಲಕ್ಕೂ ಮಿಷನ್ನು! ನಮ್ಮ ಕಾಲದಲ್ಲಿ ರುಬ್ಬಿ ರುಬ್ಬಿ ರಟ್ಟೆ ಬಿದ್ದು ಹೋಗ್ತಿತ್ತು.” ಈ ಮಾತು ಕಿವಿಗೆ ಬೀಳದ ಗೃಹಿಣಿ ನಮ್ಮಲ್ಲಿ ಯಾರಿದ್ದಾರೆ ಹೇಳಿ? ಹಿರಿಯರು ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಒರಳುಕಲ್ಲು ಹಿತ್ತಿಲು ಸೇರಿತು. ಬೀಸುವ ಕಲ್ಲು ಮದುವೆಯ ಶಾಸ್ತ್ರಕ್ಕೆಂದು ಮಾತ್ರ ಹೊರಗೆ ಬರುತ್ತದೆ. ಆದರೆ ಅದೇ ‘ಪುಣ್ಯವಂತೆ’ಯನ್ನು, “ನೀವು ಹಾಕುತ್ತಿದ್ದ ಆ ಸ್ವೆಟರ್ ಏನಾಯ್ತು?” ಎಂದು ಕೇಳಿ ನೋಡಿ. “ಅಯ್ಯೋ, ನಂಗೆಲ್ಲಿ ಪುರುಸೊತ್ತು!” ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಾಗಾದರೆ ಈ ಯಂತ್ರಗಳೆಲ್ಲ ಉಳಿಸಿಕೊಟ್ಟ ಸಮಯ ಎಲ್ಲಿಗೆ ಹೋಯಿತು?

ಇದು ಬರೀ ಬಾಯಿಮಾತಿನ ದೂರಲ್ಲ. ದೇಶದ ಜನ ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆ ಎಂದು ಕೇಂದ್ರ ಸರ್ಕಾರ 2019ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದುದು ಐದು ವರ್ಷಗಳಲ್ಲಿ 289 ನಿಮಿಷಕ್ಕೆ ಇಳಿಯಿತಂತೆ. ಉಳಿತಾಯ ಹತ್ತೇ ನಿಮಿಷ! ಒಂದು ಲೋಟ ಕಾಫಿಯನ್ನು ಕೂತು ಕುಡಿಯಲು ಸಾಕು. ಮನೆಗೆಲಸಕ್ಕೆ ಕೈ ಹಾಕುವ ಗಂಡಸರದು 97 ನಿಮಿಷವಿದ್ದದ್ದು 88 ಆಯಿತು. ಮೊದಲೇ ಸಣ್ಣದಾಗಿದ್ದ ಪಾಲಿನಲ್ಲಿ ಅವರೂ ಒಂಬತ್ತು ನಿಮಿಷ ಉಳಿಸಿಕೊಂಡರು ನೋಡಿ!

ಈ ಒಗಟನ್ನು ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲೇ ಬಿಡಿಸಿದ್ದಾರೆ. ಅವರ ಪುಸ್ತಕದ ಹೆಸರು ‘ಮೋರ್ ವರ್ಕ್ ಫಾರ್ ಮದರ್’, ಎಂದರೆ ‘ಅಮ್ಮನಿಗೆ ಇನ್ನಷ್ಟು ಕೆಲಸ’. ಅವರು ಹೇಳುವುದು ಇಷ್ಟು: ಮನೆಗೆ ಬಂದ ಯಂತ್ರಗಳು ಮೊದಲು ತಪ್ಪಿಸಿದ್ದು ಗಂಡಸರ ಮತ್ತು ಮಕ್ಕಳ ಪಾಲಿನ ಕೆಲಸವನ್ನು, ಹೆಂಗಸಿನ ಪಾಲಿನದು ಹಾಗೇ ಉಳಿಯಿತು. ಜೊತೆಗೆ, ಕೆಲಸ ಸುಲಭವಾದಂತೆ ಮನೆಯವರ ನಿರೀಕ್ಷೆಯೂ ಬೆಳೆಯಿತು.

ನಮ್ಮ ಮನೆಗಳಿಗೂ ಈ ಮಾತು ಅಳತೆ ತೆಗೆದು ಹೊಲಿದ ರವಿಕೆಯಂತೆ ಕೂರುತ್ತದೆ. ಸೌದೆ ಒಡೆಯುವುದು ಗಂಡಸರ ಕೆಲಸವಾಗಿತ್ತು, ಗ್ಯಾಸ್ ಬಂದು ಅದು ತಪ್ಪಿತು. ಡಬ್ಬ ಹೊತ್ತು ಹಿಟ್ಟಿನ ಗಿರಣಿಗೆ ಹೋಗುವುದು ಹುಡುಗರ ಕೆಲಸವಾಗಿತ್ತು, ಪೊಟ್ಟಣದ ಹಿಟ್ಟು ಬಂದು ಅದೂ ತಪ್ಪಿತು. ಅಡಿಗೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಮಿಕ್ಸಿ ಬಂದ ಮೇಲೆ ಒಂದು ಚಟ್ನಿ ಇದ್ದಲ್ಲಿ ಎರಡಾಯಿತು. ಬಟ್ಟೆ ಒಗೆಯುವ ಮಿಷನ್ ಬಂದ ಮೇಲೆ ಒಂದು ಸಲ ಹಾಕಿದ ಅಂಗಿಯನ್ನು ಮರುದಿನ ಯಾರೂ ಮುಟ್ಟುವುದಿಲ್ಲ. “ಮಿಷನ್ ತಾನೆ ಒಗೆಯೋದು?” ಎನ್ನುತ್ತಾರೆ. ಒಣಗಿ ಹಾಕುವುದು, ಮಳೆ ಬಂದರೆ ಓಡಿ ತೆಗೆಯುವುದು, ಮಡಿಸುವುದು ಯಾವ ಮಿಷನ್ನೋ!

ಹಾಗೆಂದು ನಾನು ಯಂತ್ರಗಳನ್ನು ಹಳಿಯುವವಳಲ್ಲ. ಮುಂಬಯಿಯ ಇಂಜಿನಿಯರ್ ಎಸ್.ಪಿ. ಮಾಥುರ್ ಅವರು, ಹೆಂಡತಿ ಬಳಸುತ್ತಿದ್ದ ವಿದೇಶಿ ಮಿಕ್ಸಿ ನಮ್ಮ ಅಡಿಗೆಯ ಭಾರ ತಾಳದೆ ಕೆಟ್ಟಾಗ, 1960ರ ದಶಕದಲ್ಲಿ ‘ಸುಮೀತ್’ ಮಿಕ್ಸಿ ತಯಾರಿಸಿದರು. ಅದು ಎಷ್ಟು ಹೆಂಗಸರ ಬೆನ್ನು ಉಳಿಸಿತೋ ಲೆಕ್ಕವಿಲ್ಲ. ಬೆನ್ನಿಗೆ ಬಿಡುವು ಸಿಕ್ಕಿತು. ಗಡಿಯಾರಕ್ಕೆ ಸಿಕ್ಕಲಿಲ್ಲ ಎಂಬುದಷ್ಟೇ ನನ್ನ ತಕರಾರು.

ಗಡಿಯಾರದ ಬೆಲೆ ಏನೆಂದು ನಮಗೆ ತೋರಿಸಿಕೊಟ್ಟದ್ದು ಆಫೀಸು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿನ ಆಫೀಸುಗಳು ಲ್ಯಾಪ್‌ಟಾಪಿನೊಳಗೆ ಕೂತು ನಮ್ಮಂಥ ಸಣ್ಣ ಊರುಗಳಿಗೂ ಬಂದವು. ಮಗ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು “ಮೀಟಿಂಗ್ ಇದೆ” ಎಂದರೆ ಸಾಕು, ಟಿವಿಯ ಸದ್ದು ತಗ್ಗಿತು, ಅಜ್ಜ ಕೆಮ್ಮಲಿಕ್ಕೂ ಹಿಂದೆ ಮುಂದೆ ನೋಡಿದರು. ಸೊಸೆಯ ಮೀಟಿಂಗಿಗೆ ಮಾತ್ರ ಅಷ್ಟು ಮರ್ಯಾದೆ ಎಲ್ಲ ಮನೆಗಳಲ್ಲೂ ಸಿಗಲಿಲ್ಲ. ಕುಕ್ಕರ್ ಎಷ್ಟು ಸಲ ಕೂಗಿತೆಂದು ಎಣಿಸುವ ಕಿವಿಯೂ ಅವಳದೇ ಆಗಿತ್ತು.

ಆಫೀಸಿಗೆ ಹೊತ್ತುಗೊತ್ತಿದೆ, ಭಾನುವಾರವಿದೆ, ನಿವೃತ್ತಿಯಿದೆ. ನಮ್ಮ ರಾಜ್ಯ ಸರ್ಕಾರಿ ನೌಕರರು 60ಕ್ಕೆ ನಿವೃತ್ತರಾಗಿ ಹಾರ ಹಾಕಿಸಿಕೊಂಡು ಮನೆಗೆ ಬರುತ್ತಾರೆ. ಅಂದಿನಿಂದ ಅವರ ಮನೆಯಾಕೆಗೆ ಬೆಳಗಿನ ಹನ್ನೊಂದರ ಕಾಫಿ ಹೊಸದೊಂದು ಕೆಲಸ!

ಹವ್ಯಾಸಕ್ಕೂ ಇಂಥ ಹೊತ್ತುಗೊತ್ತು ಬೇಕು. ಧಾರವಾಡದ ಕಡೆಯ ಕಸೂತಿಯನ್ನೇ ತೆಗೆದುಕೊಳ್ಳಿ. ಗವಂತಿ, ಮುರಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆ. ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕಬೇಕು, ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ, ಮುರಗಿಗಳಲ್ಲಂತೂ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು. ಎಣಿಕೆ ತಪ್ಪಿದರೆ ಗೋಪುರ ವಾಲುತ್ತದೆ. ಒಂದು ಕಣ್ಣನ್ನು ಒಲೆಯ ಮೇಲಿನ ಹಾಲಿನ ಮೇಲಿಟ್ಟು ಮಾಡುವ ಕೆಲಸ ಅದಲ್ಲ. ನಮಗೆ ಸಿಗುವುದೋ ಐದು ನಿಮಿಷ ಇಲ್ಲಿ, ಹತ್ತು ನಿಮಿಷ ಅಲ್ಲಿ. ಅಂಥ ಚೂರುಪಾರು ಸಮಯಕ್ಕೆ ಮೊಬೈಲೇ ಸರಿ. ಹಾಗಾಗಿ ದಾರದ ಡಬ್ಬಿ ಮೂಲೆ ಸೇರುತ್ತದೆ, ಬೆರಳು ರೀಲ್ಸ್ ಸರಿಸುತ್ತದೆ. ಅದೇ ಮೊಬೈಲಿನಲ್ಲಿ ಹೊಸ ಹೊಲಿಗೆ ಕಲಿಯಬಹುದು, ನಿಜ. ಆದರೆ ಬೇರೆಯವರು ಹೊಲಿಯುವುದನ್ನು ನೋಡಿದರೆ ನಮ್ಮ ಬಟ್ಟೆಯ ಮೇಲೆ ಹೂವು ಮೂಡೀತೇ?

ಇನ್ನೊಂದು ಹೊಸ ಉಪದೇಶವೂ ಹೊರಟಿದೆ: “ಇಷ್ಟು ಚೆನ್ನಾಗಿ ಮಾಡ್ತೀರಾ, ಒಂದು ಯೂಟ್ಯೂಬ್ ಚಾನೆಲ್ ಶುರು ಮಾಡಿ, ದುಡ್ಡಾದ್ರೂ ಬರುತ್ತೆ!” ಸಂಪಾದನೆ ಬೇಕಾದವರು ಖಂಡಿತ ಮಾಡಲಿ. ಆದರೆ ದುಡ್ಡು ತಂದರೆ ಮಾತ್ರ ಹೆಂಗಸಿನ ಒಂದು ಗಂಟೆಗೆ ಬೆಲೆ ಎನ್ನುವುದನ್ನು ನಾನು ಒಪ್ಪಲಾರೆ. ಮನೆಯವರು ಕ್ರಿಕೆಟ್ ನೋಡುವಾಗ ಲಾಭವೆಷ್ಟೆಂದು ನಾವು ಕೇಳುತ್ತೇವೆಯೇ?

ಮುಂದೆ ಇನ್ನೂ ಏನೇನೋ ಬರಲಿದೆ. ನೆಲ ಗುಡಿಸುವ ರೋಬೋ ಅಂಗಡಿಗೆ ಬಂದಾಗಿದೆ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, “ಮನೇಲಿ ಮೂಲಂಗಿ, ಅರ್ಧ ತೆಂಗಿನಕಾಯಿ ಇದೆ, ಏನು ಮಾಡಲಿ?” ಎಂದು ಕನ್ನಡದಲ್ಲೇ ಕೇಳಿ ಉತ್ತರ ಪಡೆಯಬಹುದು. ನನ್ನ ಭವಿಷ್ಯವಾಣಿ ಇಷ್ಟೆ: ಈ ಯಂತ್ರ ಹತ್ತು ನಿಮಿಷ ಉಳಿಸಿದ ಮರುದಿನವೇ, “ಹೇಗೂ ಬಿಡುವಾಗಿದ್ದೀಯಲ್ಲ, ಬಿಸಿಬಿಸಿ ಏನಾದ್ರೂ ಕರಿ” ಎಂಬ ಮಾತು ಬರುತ್ತದೆ.

ಆದ್ದರಿಂದ ಸೋದರಿಯರೇ, ಹೊಸ ಯಂತ್ರ ಮನೆಗೆ ಬರುವ ಮೊದಲೇ ಉಳಿಯುವ ಹೊತ್ತು ಯಾರದೆಂದು ನಾಲ್ಕು ಜನರ ಎದುರಿಗೆ ಹೇಳಿಬಿಡಿ. ಯಂತ್ರ ಮಾಡದೆ ಬಿಟ್ಟ ಕೆಲಸವನ್ನು ಹಂಚಿ. ಬಟ್ಟೆ ಹಾಕುವವರು ಮಡಿಸಲಿ. ಇದನ್ನು ಗಂಡುಮಕ್ಕಳಿಗೆ ಎಂಟು-ಹತ್ತು ವರ್ಷಕ್ಕೇ ರೂಢಿ ಮಾಡಿಸಿದರೆ ಮುಂದೆ ಬರುವ ಸೊಸೆ ನಿಮ್ಮನ್ನು ನೆನೆದಾಳು. ಮಧ್ಯಾಹ್ನ ಮೂರರಿಂದ ನಾಲ್ಕು ನಿಮ್ಮ ಹೊತ್ತೆಂದು ಗೊತ್ತುಮಾಡಿ. ಆಗ ಯಾರಾದರೂ ಕರೆದರೆ “ಸುಮ್ನೆ ಕೂತಿದ್ದೀನಿ, ಬಂದೆ” ಎನ್ನಬೇಡಿ. “ಕೆಲಸದಲ್ಲಿದ್ದೀನಿ, ನಾಲ್ಕಕ್ಕೆ ಬರ್ತೀನಿ” ಎನ್ನಿ. ಮೊದಲ ವಾರ ಮುಖ ಗಂಟಿಕ್ಕಿಯಾರು. ತಿಂಗಳಾಗುವಷ್ಟರಲ್ಲಿ ಅವರೇ ಸ್ಟವ್ ಹಚ್ಚಿ ಕಾಫಿ ಮಾಡಿಕೊಂಡಾರು. ಸಕ್ಕರೆ ಡಬ್ಬ ಎಲ್ಲಿದೆ ಎಂದು ಕೇಳಿದರೆ ಮಾತ್ರ ಕೂತಲ್ಲಿಂದಲೇ ಹೇಳಿ!